ರಿಪೋರ್ಟ್ ಯಾರಿಗೆ?

ಅಡಿಕೆ ಕೊಯ್ಲು ಮುಗಿಯುತ್ತಾ ಬಂದು, ಕೊಟ್ಟಿಗೆಗೆ ದರಗು ಗುಡಿಸಿ ತರುವ ಕಾಲಕ್ಕೆ ಸರಿಯಾಗಿ ಮಲೆನಾಡಿನ ಕಾಡಿನಲ್ಲಿ ಉಣುಗೂ ಎದ್ದಿರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕೆಲವು ದಿನ ಕಳೆದು ಜ್ವರ, ತಲೆನೋವು, ಏಳಲಾಗದಂಥ ಮೈಕೈ ನೋವು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು ಐಸ್ ಡಬ್ಬಿಯಲ್ಲಿಟ್ಟು ಶಿವಮೊಗ್ಗದ ವಿಡಿಎಲ್‌ಗೆ ಕಳಿಸುತ್ತಾರೆ. ವಿಡಿಎಲ್ ಎಂದರೆ ರಾಜ್ಯ ಸರ್ಕಾರದ ವೈರಸ್ ಪತ್ತೆ ಪ್ರಯೋಗಾಲಯ. ಆ ಮೂರಕ್ಷರವನ್ನು ಬಿಡಿಸಿ ಹೇಳಲು ಬಾರದವರೂ ಮಂಗನ ಕಾಯಿಲೆಯ ಸೀಮೆಯಲ್ಲಿ ಅದನ್ನು ಕೇಳಿ ಬಲ್ಲರು.

ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: ರಿಪೋರ್ಟ್ ಬಂತಾ?

ಬಂದರೆ ರೋಗಿಗೆ ಏನು ಸಿಗುತ್ತದೆ? ಈ ಕಾಯಿಲೆಗೆ ಇಂಥದೇ ಎಂಬ ಔಷಧಿ ಇಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್, ನಿತ್ರಾಣಕ್ಕೆ ಡ್ರಿಪ್, ಪ್ಲೇಟ್‌ಲೆಟ್ ಮೇಲೆ ಒಂದು ಕಣ್ಣು. ಪಾಸಿಟಿವ್ ಬಂದ ಮೇಲೂ ಹೆಚ್ಚುಕಡಿಮೆ ಇದೇ, ಬರುವ ಮೊದಲೂ ಇದೇ. ಹಾಗೆ ನೋಡಿದರೆ ಆ ರಿಪೋರ್ಟ್ ಪಕ್ಕದ ಮನೆಗೆ ಸೇರಿದ್ದು. ನಾಳೆ ಬೆಳಿಗ್ಗೆ ಅದೇ ಗುಡ್ಡಕ್ಕೆ ದರಗಿಗೆ ಹೊರಟ ಹೆಂಗಸಿಗೆ, ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಯಾವ ಕೇರಿಗೆ ಮೊದಲು ಮುಟ್ಟಿಸಬೇಕೆಂದು ತಿಳಿಯಬೇಕಾದ ಆಶಾ ಕಾರ್ಯಕರ್ತೆಗೆ ಸೇರಿದ್ದು. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ ಮೇಲಂತೂ ಈ ಮುನ್ಸೂಚನೆ ಬಿಟ್ಟರೆ ಅವರ ಕೈಯಲ್ಲಿ ಹೆಚ್ಚೇನೂ ಉಳಿದಿಲ್ಲ. ರಿಪೋರ್ಟ್ ತಡವಾದರೆ ದಂಡ ಕಟ್ಟುವವರು ಇವರೇ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದದ್ದು ಹಳದಿ ಜ್ವರದ ಭಯದಿಂದ. ಅದಲ್ಲ, ಹೊಸ ವೈರಸ್ ಎಂದು ತಿಳಿಯಿತು; ಕಾಡಿನ ಹೆಸರೇ ಕಾಯಿಲೆಗೂ ಬಂತು. ಆಗೆಲ್ಲ ರೋಗಿಯ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವ ತನಕ ದಿನಗಟ್ಟಲೆ ಕಾಯಬೇಕಿತ್ತು. ಈಗಿನ ಪಿಸಿಆರ್‌ಗೆ ಕೆಲವು ತಾಸು ಸಾಕು. ಆದರೆ ಸಾಗರದಿಂದ ಶಿವಮೊಗ್ಗಕ್ಕೇ ಸುಮಾರು 70 ಕಿ.ಮೀ. 2018–19ರಲ್ಲಿ ಸಾವುಗಳನ್ನು ಕಂಡ ಅರಳಗೋಡು ಸಾಗರದಿಂದಲೂ ಆಚೆ. ಯಂತ್ರ ಎಷ್ಟೇ ಚುರುಕಾಗಲಿ, ಡಬ್ಬಿ ಹೋಗಬೇಕಾದದ್ದು ಘಟ್ಟದ ತಿರುವುಗಳಲ್ಲೇ.

ಇನ್ನೊಂದು ಸಣ್ಣ ಸಂಗತಿ ಇದೆ, ನನಗೆ ಅದೇ ದೊಡ್ಡದು. ಸ್ಯಾಂಪಲ್ ಜೊತೆ ಹೋಗುವ ಫಾರಂನಲ್ಲಿ ಜ್ವರ ಶುರುವಾದ ದಿನ ಬರೆಯುವ ಜಾಗವಿರುತ್ತದೆ. ಮೊದಲ ದಿನಗಳಲ್ಲಾದರೆ ಪಿಸಿಆರ್ ವೈರಸ್ಸನ್ನೇ ಹಿಡಿಯುತ್ತದೆ. ದಿನ ಕಳೆದ ಮೇಲೆ ರಕ್ತದಲ್ಲಿ ವೈರಸ್ ಇಳಿದು, ಐಜಿಎಂ ಪರೀಕ್ಷೆಯಲ್ಲಿ ಅದರ ಹೆಜ್ಜೆಗುರುತು ಹುಡುಕಬೇಕು. ನಮ್ಮವರೋ, ಯಾವಾಗಿಂದ ಎಂದರೆ ‘ಮೊನ್ನಿಂದ’ ಎನ್ನುತ್ತಾರೆ. ಆ ಮೊನ್ನೆ ಎರಡು ದಿನವೂ ಇರಬಹುದು, ಹತ್ತು ದಿನವೂ ಇರಬಹುದು. ಕೂತು ಇನ್ನೆರಡು ಮಾತು ಕೇಳುವಷ್ಟು ವ್ಯವಧಾನ ರಕ್ತ ತೆಗೆಯುವವರಿಗೆ ಇಲ್ಲದಿದ್ದರೆ ತಪ್ಪು ಪರೀಕ್ಷೆ, ಸುಳ್ಳು ನೆಗೆಟಿವ್. ನೆಗೆಟಿವ್ ಎಂದ ಮೇಲೆ ಕೇಳಬೇಕೆ, ಮಾರನೇ ದಿನವೇ ಎಲ್ಲರೂ ಗುಡ್ಡಕ್ಕೆ.

ಕ್ಷಯ ಪತ್ತೆಗೆ ಬಳಸುವ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರದಲ್ಲೇ ಮಂಗನ ಕಾಯಿಲೆಯನ್ನೂ ಗುರುತಿಸುವ ಪರೀಕ್ಷೆ ಬಂದಿದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಅದನ್ನು ಒರೆಗೆ ಹಚ್ಚಿಯೂ ನೋಡಿದೆ. ಕಾಯಿಲೆ ಮರುಕಳಿಸುವ ತಾಲ್ಲೂಕುಗಳ ಆಸ್ಪತ್ರೆಗೆ ಅದನ್ನು ಕೊಡಬೇಕು ಎಂಬುದು ನನ್ನ ವಾದ. ಅಪಾಯವಿಲ್ಲ ಎನ್ನುತ್ತಿಲ್ಲ. ಈ ವೈರಸ್ ಪ್ರಯೋಗಾಲಯದ ಸಿಬ್ಬಂದಿಗೇ ತಗುಲಿದ ಚರಿತ್ರೆಯಿದೆ. ತರಬೇತಿ, ಗ್ಲೌಸು, ರಕ್ಷಣೆ ಎಲ್ಲವೂ ಬೇಕು. ತಾಲ್ಲೂಕಿನಲ್ಲೇ ಪರೀಕ್ಷೆಯಾದರೆ ಶಿವಮೊಗ್ಗದ ಲ್ಯಾಬಿಗೂ ಉಸಿರಾಡಲು ಪುರುಸೊತ್ತು ಸಿಕ್ಕೀತು. ಬಿಳಿ ಬಟ್ಟೆ ಎಳೆದು ಕಾಡಿನ ಉಣುಗು ಹಿಡಿದು ಪರೀಕ್ಷಿಸುವ, ಸತ್ತ ಮಂಗನ ಸ್ಯಾಂಪಲ್ ನೋಡುವ ಕೆಲಸ ಮನುಷ್ಯರಿಗೆ ಜ್ವರ ಬರುವ ಮೊದಲೇ ಆಗಬೇಕಾದದ್ದು ತಾನೆ?

ಬಂದ ಫಲಿತಾಂಶ ಮಾತ್ರ ಇಲಾಖೆಯ ಫೈಲಿನಲ್ಲಿ ಮಲಗಬಾರದು. ರೋಗಿಯ ಹೆಸರು ಬೇಡ, ಮಜರೆಯ ಹೆಸರು ಸಾಕು. ಹಾಲಿನ ಡೈರಿ ಹತ್ತಿರದ ಬೋರ್ಡಿನಲ್ಲಿ ಅದೇ ಸಂಜೆ ಸೀಮೆಸುಣ್ಣದಲ್ಲಿ ಬರೆದರೆ, ಬೆಳಗಿನ ಹಾಲು ಹಾಕಲು ಬಂದವರು ಓದಿಕೊಂಡು ಹೋಗುತ್ತಾರೆ.