ಬಾಡಿಗೆಯ ಕಣ್ಣು

ಕಳೆದ ಸೆಪ್ಟೆಂಬರ್ ತಿಂಗಳಲ್ಲಿ ಶಿವಮೊಗ್ಗದ ನಮ್ಮ ಮನೆಗೆ ಒಬ್ಬ ಅತಿಥಿ ದಯಮಾಡಿಸಿದ್ದ. ಒಂದೂವರೆ ಅಡಿಯ ನಿಲುವು, ನಾಲ್ಕು ಕಿಲೋಗೆ ತುಸು ಕಡಿಮೆಯಾದ ತೂಕ. ಊಟ ಉಪಚಾರಗಳನ್ನು ಬೇಡದ ಸ್ವಭಾವ. ಆದರೂ ಅವನು ತಂಗಿದ್ದ ಎರಡು ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಬೀಗ ಹಾಕಿದ ಬೀರುವಿನೊಳಗೆ ಅವನನ್ನು ಕೂರಿಸಿ, ಬೀಗದ ಕೈಯನ್ನು ನನ್ನ ಶ್ರೀಮತಿ ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳು. ಅವನ ಬೆಲೆ ಸುಮಾರು ಹತ್ತು ಲಕ್ಷ ರೂಪಾಯಿ ಎಂಬುದನ್ನು ನಾನು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು.

ಅತಿಥಿಯೆಂದರೆ 600 ಮಿಲಿಮೀಟರ್ ಸಂಗಮದೂರದ ಒಂದು ಕ್ಯಾಮರಾ ಲೆನ್ಸ್. ಬೆಂಗಳೂರಿನ ಒಂದು ಅಂಗಡಿಯಿಂದ ಮೂರು ದಿನಗಳ ಬಾಡಿಗೆಗೆ ತಂದದ್ದು.

ಬಾಡಿಗೆಯ ವ್ಯವಹಾರ ನಮಗೆ ಹೊಸದೇನೂ ಅಲ್ಲ. ಮದುವೆಯ ಮನೆಗೆ ಕೊಪ್ಪರಿಗೆ, ಹಂಡೆಗಳು ಬಾಡಿಗೆಗೇ ಬರುತ್ತವೆ. ಗಂಟೆಯ ಲೆಕ್ಕದಲ್ಲಿ ಸೈಕಲ್ ಪಡೆದು ಕಲಿಯುವಾಗ ಮೊಣಕಾಲು ಒಡೆದುಕೊಳ್ಳದವರು ನನ್ನ ಓರಗೆಯವರಲ್ಲಿ ವಿರಳ. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಗಿರಾಕಿಗಳಿಗಾಗಿ ಒಂದು ಕೋಟು ಗೂಟದಲ್ಲಿ ತೂಗುತ್ತಿತ್ತು. ಊರಿನ ಎಷ್ಟೋ ವರಮಹಾಶಯರು ಒಂದೇ ಕೋಟಿನೊಳಗೆ ಹೊಕ್ಕು ಹೊರಬಂದು ಕನ್ಯಾಪಿತೃಗಳ ಕೈಗೆ ಚಿತ್ರವಾಗಿ ತಲುಪುತ್ತಿದ್ದರು. ಇಂತಹ ವಾರಪತ್ರಿಕೆಗಳನ್ನೇ ಬಾಡಿಗೆ ಪುಸ್ತಕದಂಗಡಿಯಿಂದ ತಂದು, ಧಾರಾವಾಹಿಯ ಪುಟಗಳನ್ನು ಜಾಣ್ಮೆಯಿಂದ ಬಿಡಿಸಿಟ್ಟುಕೊಂಡು ಮರಳಿಸುತ್ತಿದ್ದ ರಸಿಕರೂ ಇದ್ದರು. ಅವರನ್ನು ನಾನು ಇಲ್ಲಿ ಹೆಸರಿಸುವುದಿಲ್ಲ.

ಆದರೆ ಒಂದು ತುಂಡು ಗಾಜಿಗೆ ದಿನಕ್ಕೆ 4,000 ರೂಪಾಯಿ ಬಾಡಿಗೆಯೇಕೆ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಿತು; ಏಳಬೇಕಾದದ್ದೇ. ನಾನು ಕನ್ನಡ ಪಾಠ ಹೇಳುವವನಾದರೂ ಗಣಿತದ ಸಹೋದ್ಯೋಗಿಯೊಬ್ಬರ ಕೃಪೆಯಿಂದ ಇಷ್ಟನ್ನು ತಿಳಿದುಕೊಂಡಿದ್ದೇನೆ. ಈ ಲೆನ್ಸಿನ ಹಣೆಯ ಮೇಲೆ ‘ಎಫ್-4’ ಎಂದು ಬರೆದಿರುತ್ತದೆ. ಸಂಗಮದೂರವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಹೊಗುವ ಕಿಂಡಿಯ ಅಗಲ ಸಿಗುತ್ತದೆ. 600ನ್ನು 4ರಿಂದ ಭಾಗಿಸಿ ನೋಡಿ: 150 ಮಿಲಿಮೀಟರ್, ಅಂದರೆ ಅರ್ಧ ಅಡಿ. ಒಂದು ಸೆಟ್ ದೋಸೆಯಷ್ಟು ಅಗಲದ ಗಾಜನ್ನು ಗುಳ್ಳೆಯಿಲ್ಲದೆ, ಕಲೆಯಿಲ್ಲದೆ ಎರಕ ಹೊಯ್ದು ಅರೆದು ನಯಗೊಳಿಸಬೇಕು. ಅದೂ ಒಂದಲ್ಲ, ಹತ್ತು ಹದಿನೈದು ಬಿಲ್ಲೆಗಳನ್ನು ಒಂದರ ಹಿಂದೆ ಒಂದಾಗಿ ಕೂರಿಸಬೇಕು. ಬೆಳಕಿನ ಬಣ್ಣಗಳು ಗಾಜಿನಲ್ಲಿ ಒಂದೊಂದು ದಾರಿ ಹಿಡಿದು, ಬಿಳಿಯ ಹಕ್ಕಿಯ ಅಂಚಿಗೆ ನೇರಿಳೆಯ ಸೆರಗು ಮೂಡುವುದುಂಟು. ಅದನ್ನು ತಡೆಯಲು ಫ್ಲೋರೈಟ್ ಎಂಬ ಹರಳನ್ನು ಕೃತಕವಾಗಿ ಬೆಳೆಸಿ ಬಳಸುತ್ತಾರೆ. ಕ್ಯಾನನ್ ಸಂಸ್ಥೆ ಅಂತಹ ಹರಳಿನ ಕ್ಯಾಮರಾ ಲೆನ್ಸನ್ನು 1969ರಲ್ಲಿ ಮಾರುಕಟ್ಟೆಗೆ ತಂದಿತು. ಇಷ್ಟೆಲ್ಲ ಸಾಹಸದಿಂದ ದೊರೆಯುವುದೇನೆಂದರೆ, ಜಗತ್ತಿನ ಕೇವಲ ನಾಲ್ಕು ಡಿಗ್ರಿಗಳಷ್ಟು ಕಿರಿದಾದ ಒಂದು ಚೂರು. ಸಾಮಾನ್ಯವಾದ 50 ಮಿಲಿಮೀಟರ್ ಲೆನ್ಸು ನಲವತ್ತಾರು ಡಿಗ್ರಿಗಳಷ್ಟನ್ನು ನೋಡುತ್ತದೆ.

ನಮ್ಮ ನಾಡಿನಲ್ಲಿ ಇಂತಹ ಲೆನ್ಸುಗಳ ಸಹವಾಸ ಹಿಂದೆ ಎಲ್ಲರಿಗೂ ಒದಗುತ್ತಿರಲಿಲ್ಲ. ವನ್ಯಜೀವಿಗಳ ಚಿತ್ರಗಳಿಂದ ಹೆಸರಾದ ಎಂ. ವೈ. ಘೋರ್ಪಡೆಯವರು ಸಂಡೂರಿನ ರಾಜಮನೆತನದವರು, 1970ರ ದಶಕದಲ್ಲಿ ರಾಜ್ಯದ ಅರ್ಥಸಚಿವರಾಗಿದ್ದವರು. ಈ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅವರಂಥವರು ಇಡೀ ಬದುಕನ್ನೇ ಇದಕ್ಕೆ ತೆತ್ತವರು. ನಮ್ಮ ಜಿಲ್ಲೆಯ ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಬೆನ್ನುಹತ್ತಿದ್ದು ಫಿಲ್ಮಿನ ಕಾಲದಿಂದಲೇ. ನನ್ನಂತಹ ಸಂಬಳದ ಗೃಹಸ್ಥನಿಗೆ ಮೂರು ದಿನಗಳ ಮಟ್ಟಿಗಾದರೂ ಆ ದೃಷ್ಟಿ ಕೈಗೆಟುಕಿರುವುದು ಬಾಡಿಗೆಯ ಅಂಗಡಿಗಳಿಂದ.

ಬಾಡಿಗೆ ನನ್ನೊಬ್ಬನಿಂದ ಸಾಧ್ಯವಿರಲಿಲ್ಲ. ಗಣಿತದ ಮಿತ್ರರು, ಭದ್ರಾವತಿಯ ವಿಮಾ ಕಚೇರಿಯ ಗೆಳೆಯರೊಬ್ಬರು ಮತ್ತು ನಾನು, ಮೂವರು ಪಾಲುದಾರರಾದೆವು. ಒಬ್ಬೊಬ್ಬರಿಗೆ 4,000 ರೂಪಾಯಿ. ಹಣ ಒಟ್ಟಾದ ಮೇಲೆ ತಿಳಿದುಬಂದ ಸಂಗತಿಯೆಂದರೆ, ಒಂದು ಕಂಪೆನಿಯ ಲೆನ್ಸು ಇನ್ನೊಂದು ಕಂಪೆನಿಯ ಕ್ಯಾಮರಾದ ಬಾಯಿಗೆ ಕೂರುವುದಿಲ್ಲ. ಮೂವರ ಕ್ಯಾಮರಾಗಳೂ ಮೂರು ಕುಲದವು. ಕೊನೆಗೆ ನನ್ನದೇ ಹಳೆಯ ಕ್ಯಾಮರಾಕ್ಕೆ ಒಗ್ಗುವ ಲೆನ್ಸನ್ನು ತರುವುದೆಂದೂ, ಸರದಿಯ ಮೇಲೆ ಅರ್ಧರ್ಧ ಗಂಟೆ ಕಣ್ಣಿಡುವುದೆಂದೂ ಒಪ್ಪಂದವಾಯಿತು.

ಠೇವಣಿಯ ಪ್ರಶ್ನೆಯೊಂದು ಉಳಿದಿತ್ತು. ಪರಸ್ಥಳದವರೆಂದು ಅಂಗಡಿಯವರು ಗುರುತಿನ ಚೀಟಿಯ ಜೊತೆಗೆ 50,000 ರೂಪಾಯಿಗಳನ್ನು ಕೇಳಿದರು. ಅಷ್ಟು ಹಣ ಒಟ್ಟಿಗೆ ಇದ್ದದ್ದು ಮಗಳ ಹೆಸರಿನಲ್ಲಿ ಕೂಡಿಟ್ಟ ಲೆಕ್ಕದಲ್ಲಿ ಮಾತ್ರ. ಶ್ರೀಮತಿ ಏನೂ ಹೇಳಲಿಲ್ಲ. ಗೃಹಸ್ಥರಾದ ಓದುಗರಿಗೆ ಆ ಮೌನದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇನ್ನು ಮಲೆನಾಡಿನವರು ಅವಶ್ಯ ತಿಳಿದಿರಬೇಕಾದ ಒಂದು ವಿಷಯವಿದೆ. ನಮ್ಮ ಮಳೆಗಾಲ ಉಪ್ಪಿನಕಾಯಿಯ ಜಾಡಿಗೆ ಏನು ಮಾಡುತ್ತದೆಯೋ ಲೆನ್ಸಿಗೂ ಅದನ್ನೇ ಮಾಡುತ್ತದೆ. ಗಾಳಿಯ ತೇವ ಹೆಚ್ಚಿದ್ದು ಲೆನ್ಸು ಕತ್ತಲಲ್ಲಿ ವಾರಗಟ್ಟಲೆ ಕುಳಿತರೆ ಗಾಜಿನ ಮೇಲೆ ಬೂಷ್ಟು ಹುಟ್ಟಿ ಜೇಡನ ಬಲೆಯಂತೆ ಎಳೆ ಬಿಡುತ್ತದೆ. ಅದರಿಂದ ಒಸರುವ ಆಮ್ಲವು ಗಾಜಿನ ಲೇಪವನ್ನು ಶಾಶ್ವತವಾಗಿ ಕೊರೆಯುತ್ತದೆ. ನನ್ನ ಸ್ವಂತ ಲೆನ್ಸೊಂದು ಹೀಗೆಯೇ ಕುರುಡಾಯಿತು. ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳೊಡನೆ ಬಿಗಿಯಾದ ಡಬ್ಬಿಯಲ್ಲಿಡುವುದು, ಬಿಸಿಲು ಬಿದ್ದ ದಿನ ಹೊರತೆಗೆದು ಗಾಳಿಯಾಡಿಸುವುದು, ತಂಪುಗೊಳಿಸಿದ ಕಾರಿನಿಂದ ಇಳಿದೊಡನೆ ಚೀಲ ಬಿಚ್ಚದೆ ಅರ್ಧ ಗಂಟೆ ಕಾಯುವುದು, ಇವಿಷ್ಟೇ ಇದಕ್ಕೆ ಮದ್ದು. ಅಕ್ಕಿಯ ಡಬ್ಬಿಯಲ್ಲಿ ಹೂಳಿಡಲು ಅತ್ತೆಯವರು ಫೋನಿನಲ್ಲಿ ಸಲಹೆಯಿತ್ತರು. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಅಕ್ಕಿಯ ಪುಡಿ ಲೆನ್ಸಿನ ಸಂದುಗಳಿಗೆ ಇಳಿದರೆ ತೇವಕ್ಕಿಂತ ದೊಡ್ಡ ಶತ್ರು.

ಶನಿವಾರ ಬೆಳಗಿನ ಜಾವ ಮಂಡಗದ್ದೆಗೆ ಹೊರಟೆವು. ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡುಕಟ್ಟುತ್ತವೆ. ಕೆಂಪು ನೀರು ಮರಗಳ ಸೊಂಟದವರೆಗೆ ಏರಿ ಹರಿಯುತ್ತಿರುವಾಗ, ಮೇಲೆ ಇಡೀ ಒಂದು ಊರು ಜಗಳವಾಡುತ್ತ, ಮಕ್ಕಳಿಗೆ ಉಣಿಸುತ್ತ, ಕಡ್ಡಿ ಕದಿಯುತ್ತ ಸಂಸಾರ ಹೂಡಿರುತ್ತದೆ. ಬರಿಗಣ್ಣಿಗೆ ಮರದ ತುಂಬ ಹತ್ತಿ ಒಡೆದಂತೆ ಕಾಣುವ ದೃಶ್ಯ, ಬಾಡಿಗೆಯ ಕಣ್ಣಿನೊಳಗೆ ಒಂದು ಮರಿಯ ಗಂಟಲಿನ ಕೆಂಪಾಗಿ ಬಂದು ನಿಂತಿತು. ಗಣಿತದ ಮಿತ್ರರು ಹತ್ತು ನಿಮಿಷ ಮಾತೇ ಆಡಲಿಲ್ಲ. ಅವರ ಸರದಿಯ ಅರ್ಧ ಗಂಟೆ ಮುಗಿದದ್ದನ್ನು ಒಪ್ಪಲೂ ಇಲ್ಲ.

ಲೆನ್ಸಿನ ಭಾರ ತಡೆಯುವ ಮುಕ್ಕಾಲಿ ನಮ್ಮಲ್ಲಿರಲಿಲ್ಲ. ಶ್ರೀಮತಿ ಹಳೆಯ ದಿಂಬಿನ ಗವಸಿನಲ್ಲಿ ಎರಡು ಸೇರು ಹುರುಳಿ ತುಂಬಿ ಹೊಲಿದು ಕೊಟ್ಟಿದ್ದಳು. ಅದನ್ನು ಕಾರಿನ ಕಿಟಕಿಯ ಮೇಲೆ ಹಾಕಿ ಲೆನ್ಸನ್ನು ಮಲಗಿಸಿದರೆ ತೊಟ್ಟಿಲಿನಲ್ಲಿಟ್ಟಂತೆ ನಿಲ್ಲುತ್ತದೆ. (ಆ ಹುರುಳಿ ಸೋಮವಾರ ಸಾರಾಯಿತು.) ಆದರೆ ಮೋಡ ಮುಸುಕಿ ಬೆಳಕು ಸಾಲದೆ ಬಂತು. ಕೈಯಲ್ಲಿ ಹಿಡಿದು ತೆಗೆಯುವುದಾದರೆ ಸೆಕೆಂಡಿನ ಆರುನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊತ್ತು ಬಾಗಿಲು ತೆರೆದಿರಬಾರದೆಂಬುದು ಈ ಲೆನ್ಸಿನ ಮಟ್ಟಿಗೆ ಹಿರಿಯರು ಹೇಳಿಕೊಟ್ಟ ಲೆಕ್ಕ. ಹುರುಳಿಯ ಧೈರ್ಯದಿಂದ ನಾನು ನೂರಿಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿದೆ. ಲೆನ್ಸು ಅಲುಗದಿದ್ದರೂ ಹಕ್ಕಿ ಅಲುಗಬಹುದೆಂಬುದು ಆ ಕ್ಷಣಕ್ಕೆ ತಲೆಗೆ ಹೊಳೆಯಲಿಲ್ಲ. ತಾಯಿಬೆಳ್ಳಕ್ಕಿ ಮರಿಯ ಬಾಯಿಗೆ ಕೊಕ್ಕಿಡುವ ಚಿತ್ರ ಕ್ಯಾಮರಾದ ಪುಟ್ಟ ಪರದೆಯಲ್ಲಿ ಅದ್ಭುತವಾಗಿ ಕಂಡಿತು. ಮೂವರೂ ಅದನ್ನೇ ತಮ್ಮದೆಂದು ವಾದಿಸಿದೆವು.

ಭಾನುವಾರ ಬೆಳಿಗ್ಗೆ ನಾನು ಭದ್ರಾವತಿಗೆ ಹೋದೆ. ರಾತ್ರಿಯ ರೈಲಿಗೆ ಲೆನ್ಸು ಬೆಂಗಳೂರಿಗೆ ಹಿಂದಿರುಗಬೇಕಿತ್ತು. ಅದಕ್ಕೆ ಮುನ್ನ ಅಪ್ಪನಿಗೆ ತೋರಿಸಬೇಕೆಂಬ ಹುಡುಗುತನ.

ಅಪ್ಪ ಕಾಗದದ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ದುಡಿದವರು. 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆ ಅದು. ಪತ್ರಿಕೆಗಳು ಅಚ್ಚಾಗುವ ಕಾಗದವನ್ನೂ ತಯಾರಿಸುತ್ತಿತ್ತು. ಯಂತ್ರಗಳು ನಿಂತು ಈಗ ಸುಮಾರು ಹತ್ತು ವರ್ಷಗಳಾದವು. ಅಪ್ಪ ಅದಕ್ಕೆ ಮೊದಲೇ ನಿವೃತ್ತರಾದರು. ಕತ್ತರಿಸಿ ಬಂದ ಹಾಳೆಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ಚುಕ್ಕೆ, ಸುಕ್ಕು, ತೂತುಗಳನ್ನು ಹೆಕ್ಕುವುದು ಅವರ ಕೆಲಸವಾಗಿತ್ತು. ಸಾಸಿವೆಯ ಕಾಲುಭಾಗದ ಕಲೆಯೂ ಅವರ ಕಣ್ಣನ್ನು ತಪ್ಪಿಸುತ್ತಿರಲಿಲ್ಲ. ನಮಗೆ ಅನ್ನ ಹಾಕಿದ್ದು ಆ ಕಣ್ಣು. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಎಂಬ ಪೆಟ್ಟಿಗೆ ಕ್ಯಾಮರಾವೊಂದು ಅವರಲ್ಲಿತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ನನ್ನ ಬಾಲ್ಯವೆಲ್ಲ ಸೇರಿ ಒಂದೂವರೆ ಸುರುಳಿಯಲ್ಲಿ ಮುಗಿದುಹೋಗಿದೆ.

ಮಾಳಿಗೆಯ ಮೇಲೆ ಹುರುಳಿಯ ಚೀಲವನ್ನು ಹಾಸಿ ಲೆನ್ಸನ್ನು ಕಾರ್ಖಾನೆಯ ಚಿಮಣಿಯತ್ತ ತಿರುಗಿಸಿ ಅಪ್ಪನನ್ನು ಕರೆದೆ. ಅವರು ಬಹಳ ಹೊತ್ತು ಕಣ್ಣಿಟ್ಟು ನೋಡಿದರು.

“ಏನೂ ಸರಿಯಾಗಿ ಕಾಣುವುದಿಲ್ಲ ಮಾರಾಯ. ನಿನ್ನ ಗಾಜಿಗೆ ಮಂಜು ಹಿಡಿದಿದೆ.”

ನನ್ನ ಎದೆ ಧಸಕ್ಕೆಂದಿತು. ಬೂಷ್ಟೋ, ಒಳಗೆ ಇಳಿದ ತೇವವೋ! ಮಗಳ ಐವತ್ತು ಸಾವಿರ ಕಣ್ಣ ಮುಂದೆ ಹಾದುಹೋಯಿತು. ಟಾರ್ಚು ತಂದು ಲೆನ್ಸಿನ ಎರಡೂ ತುದಿಗಳಿಂದ ಬೆಳಕು ಹಾಯಿಸಿ ನೋಡಿದೆ. ಗಾಜು ಕೊಳದ ನೀರಿನಂತೆ ತಿಳಿಯಾಗಿತ್ತು. ನೋಡುವವರ ದೃಷ್ಟಿಗೆ ತಕ್ಕಂತೆ ಹೊಂದಿಸುವ ಒಂದು ಪುಟ್ಟ ಗಾಲಿ ಕ್ಯಾಮರಾದ ಪಕ್ಕದಲ್ಲಿರುತ್ತದೆ, ಅದನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸುತ್ತ “ಈಗ?” “ಈಗ?” ಎಂದು ಕೇಳಿದೆ. ಮಂಜು ಸರಿಯಲಿಲ್ಲ. ನಾನೇ ಕಣ್ಣಿಟ್ಟೆ. ಚಿಮಣಿಯ ನೆತ್ತಿಯಲ್ಲಿ ಒಂದು ಹದ್ದು ಕುಳಿತು ರೆಕ್ಕೆ ಕೊಡವುತ್ತಿತ್ತು. ಗರಿ ಗರಿಯನ್ನೂ ಎಣಿಸಬಹುದಾಗಿತ್ತು.

“ತುದಿಯಲ್ಲಿ ಏನು ಕೂತಿದೆ ನೋಡಿ ಹೇಳಿ ಅಪ್ಪ” ಎಂದೆ.

“ಏನೋ ಕರಿಯದು. ಇಟ್ಟಿಗೆ ಇರಬೇಕು.”

ಅಮ್ಮ ಕಾಫಿ ತಂದವರು ಮೆಟ್ಟಿಲ ಬಾಯಲ್ಲೇ ನಿಂತಿದ್ದರು. “ಆರು ತಿಂಗಳಾಯಿತು. ಪೇಪರು ನಾನೇ ಓದಿ ಹೇಳುವುದು. ನಿನಗೆ ತಿಳಿಸಬಾರದೆಂದು ಆಣೆ ಹಾಕಿದ್ದರು” ಎಂದರು. ಅಪ್ಪ ಅವರ ಕಡೆ ತಿರುಗಿ ನೋಡಲಿಲ್ಲ. ಹುರುಳಿಯ ಚೀಲವನ್ನು ಸುಮ್ಮನೆ ಒತ್ತಿ ಒತ್ತಿ ಸರಿಪಡಿಸುತ್ತಿದ್ದರು. ಆರು ತಿಂಗಳಲ್ಲಿ ನಾನು ಆ ಮನೆಗೆ ಎಷ್ಟು ಸಲ ಬಂದಿದ್ದೆನೆಂದು ಲೆಕ್ಕ ಹಾಕಿದೆ. ಒಂಬತ್ತು ಸಲ. ಒಂಬತ್ತು ಸಲವೂ ಅಪ್ಪ ಪತ್ರಿಕೆಯನ್ನು ಮುಖದ ಮುಂದೆ ಹಿಡಿದೇ ಕುಳಿತಿದ್ದರು.

ಲೆನ್ಸನ್ನು ಸೋಮವಾರ ಒಪ್ಪಿಸಿದೆ. ಅಂಗಡಿಯಾತ ಮುಂಗವಸಿನ ಮೇಲಿನ ಒಂದು ಗೀರನ್ನು ತೋರಿಸಿ ಠೇವಣಿಯಲ್ಲಿ ಕಡಿತದ ಮಾತೆತ್ತಿದ. ಪಡೆದುಕೊಂಡ ದಿನ ಅವನ ಗಲ್ಲೆಯ ಮುಂದೆಯೇ ನಾನು ತೆಗೆದಿಟ್ಟುಕೊಂಡಿದ್ದ ಚಿತ್ರದಲ್ಲಿ ಆ ಗೀರು ಇತ್ತು. ಹಣ ಪೂರ್ತಿಯಾಗಿ ಬಂತು. ಬಾಡಿಗೆಗೆ ತರುವವರು ಈ ಒಂದು ಎಚ್ಚರಿಕೆಯನ್ನು ಮರೆಯದಿರಲಿ.

ಆ ಐವತ್ತು ಸಾವಿರ ಮಗಳ ಲೆಕ್ಕಕ್ಕೆ ಹಿಂದಿರುಗಲು ಇನ್ನೂ ಕೆಲವು ತಿಂಗಳು ಬೇಕು. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಅಪ್ಪನ ಎರಡೂ ಕಣ್ಣುಗಳ ಪೊರೆಯನ್ನು ಒಂದು ತಿಂಗಳ ಅಂತರದಲ್ಲಿ ತೆಗೆಸಿದೆವು. ಕಣ್ಣಿನೊಳಗೆ ಕೂರಿಸುವ ಲೆನ್ಸು ಆರು ಮಿಲಿಮೀಟರ್ ಅಗಲದ್ದು. ನಾನು ಬಾಡಿಗೆಗೆ ತಂದಿದ್ದ ಮಹಾಶಯನ ಇಪ್ಪತ್ತೈದನೆಯ ಒಂದು ಪಾಲು. ಯುದ್ಧವಿಮಾನಗಳ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣಿಗೆ ಸಿಡಿದು ಒಳಗೇ ಉಳಿದರೂ ಕಣ್ಣು ಕೆರಳದಿದ್ದುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು, ಅದೇ ಜಾತಿಯ ಪ್ಲಾಸ್ಟಿಕ್ಕಿನ ಲೆನ್ಸನ್ನು 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಮನುಷ್ಯನ ಕಣ್ಣಿನೊಳಗೆ ಇಟ್ಟರಂತೆ. ಇದನ್ನೆಲ್ಲ ನಾನು ವಿವರಿಸಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ವಾಪಸು ಕೊಡಬೇಕಾಗಿಲ್ಲ ತಾನೆ?”

ಬೆಳ್ಳಕ್ಕಿಯ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ನಮ್ಮ ನಡುಮನೆಯಲ್ಲಿ ತೂಗುಹಾಕಿದ್ದೆ. ಶಸ್ತ್ರಕ್ರಿಯೆಗೆ ಮುಂಚೆ ಅದನ್ನು ನೋಡಿ ಅಪ್ಪ “ಬಹಳ ಚೆನ್ನಾಗಿದೆ” ಎಂದು ತಲೆದೂಗಿದ್ದರು. ಮೊನ್ನೆ ನಮ್ಮಲ್ಲಿಗೆ ಬಂದವರು ಊಟವಾದ ಮೇಲೆ ಅದನ್ನು ಗೋಡೆಯಿಂದ ಇಳಿಸಿ, ಚೌಕಟ್ಟಿನಿಂದ ಬಿಡಿಸಿ, ಕಿಟಕಿಯ ಬಳಿಗೊಯ್ದು ಬೆಳಕಿಗೆ ಓರೆಯಾಗಿ ಹಿಡಿದರು.

“ಕೊಕ್ಕಿನ ತುದಿ ಎರಡೆರಡಾಗಿದೆಯಲ್ಲೋ. ಹಕ್ಕಿ ಅಲ್ಲಾಡಿದೆ” ಎಂದರು. ಆಮೇಲೆ ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ, “ಕಾಗದ ಮಾತ್ರ ಒಳ್ಳೆಯದು. ಎಲ್ಲಿಯದು ಇದು?” ಎಂದು ಕೇಳಿದರು.