ಲೆಕ್ಕ ಬಲ್ಲವನಿಗೆ ಯಂತ್ರವಿದ್ಯೆ ನಿಷಿದ್ಧವೇ?

ಬಿ.ಕಾಂ. ಪದವೀಧರನೊಬ್ಬ ಕೃತಕ ಬುದ್ಧಿಮತ್ತೆಯ ಕ್ಷೇತ್ರಕ್ಕೆ ಹೋಗುವೆನೆಂದರೆ ಜೈನ ಮನೆಗಳಲ್ಲಿ ಇಂದು ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಇಂಜಿನಿಯರಿಂಗ್ ಓದದವನಿಗೆ ಅದು ಒಗ್ಗದು, ಅಂಗಡಿಯಲ್ಲಿ ಕುಳಿತುಕೋ’ ಎಂಬುದು ಒಂದು. ‘ಮೂರು ತಿಂಗಳ ಕೋರ್ಸಿಗೆ ಹಣ ಕಟ್ಟಿದರಾಯಿತು, ಕೈತುಂಬ ಸಂಬಳ’ ಎಂಬುದು ಇನ್ನೊಂದು. ಎರಡೂ ಅವಿಚಾರದ ಮಾತುಗಳೇ. ಮೊದಲನೆಯದು ಆಲಸ್ಯದಿಂದ ಹುಟ್ಟಿದ್ದು; ಎರಡನೆಯದು ಲೋಭದಿಂದ.

ಆದಿಪುರಾಣದ ಕಥೆಯನ್ನು ಬಲ್ಲ ಶ್ರಾವಕರಾದರೂ ಮೊದಲನೆಯ ಮಾತನ್ನು ಆಡಬಾರದು. ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ದಿಕ್ಕುಗೆಟ್ಟಾಗ ವೃಷಭನಾಥರು ಒಣಗಿದ ಮರಗಳನ್ನೇ ಕಾಯುತ್ತ ಕುಳಿತಿರಿ ಎನ್ನಲಿಲ್ಲ. ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರು. ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದರು. (ಅಂಕವಿದ್ಯೆ ಮೊದಲು ಸಂದದ್ದು ಮಗಳಿಗೆ ಎಂಬುದನ್ನು, ಹೆಣ್ಣುಮಕ್ಕಳ ಓದನ್ನು ಮದುವೆಯ ಮಾತಿನೊಂದಿಗೆ ಮುಗಿಸುವವರು ನೆನೆಯುವುದು ಒಳಿತು.) ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕವೂ ಚಿನ್ನದ ಲೆಕ್ಕವೂ ಇವೆ. ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತವನ್ನು ಬರೆದನು. ವಾಣಿಜ್ಯಕ್ಕೂ ಗಣಿತಕ್ಕೂ ನಡುವೆ ಗೋಡೆಯಿದೆಯೆಂದು ಈ ಪರಂಪರೆ ಎಂದೂ ಹೇಳಲಿಲ್ಲ.

ಕೃತಕ ಬುದ್ಧಿಮತ್ತೆಯ ಚರಿತ್ರೆಯೂ ಹಾಗೆ ಹೇಳುವುದಿಲ್ಲ. 1956ರ ಹೊತ್ತಿಗೆ ತರ್ಕದ ಪ್ರಮೇಯಗಳನ್ನು ಸಾಧಿಸುವ ಕ್ರಮವಿಧಿಯನ್ನು ಅಲೆನ್ ನ್ಯೂವೆಲ್ ಮುಂತಾದವರೊಡನೆ ರೂಪಿಸಿದ ಹರ್ಬರ್ಟ್ ಸೈಮನ್ ಪದವಿ ಪಡೆದದ್ದು ರಾಜ್ಯಶಾಸ್ತ್ರದಲ್ಲಿ. ಅವರ ಆರಂಭದ ಸಂಶೋಧನೆ ನಡೆದದ್ದು ಪುರಸಭೆಗಳ ಆಡಳಿತದ ಬಗ್ಗೆ. 1975ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿಯೂ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯೂ ಸಂದವು. ಆದರೆ ಸೈಮನ್ ಗಣಿತವನ್ನೂ ತರ್ಕಶಾಸ್ತ್ರವನ್ನೂ ವರ್ಷಗಟ್ಟಲೆ ಶ್ರಮಿಸಿ ಕಲಿತವರು. ಪ್ರಮಾಣಪತ್ರದ ಅಂಗಡಿಗಳು ಇವರ ಹೆಸರನ್ನು ಹೇಳಬಹುದು, ಶ್ರಮವನ್ನು ಹೇಳುವುದಿಲ್ಲ.

ವಾಣಿಜ್ಯ ಪದವೀಧರನು ಸಂಖ್ಯಾಶಾಸ್ತ್ರ, ಸಂಭಾವ್ಯತೆ, ಮಾತೃಕೆಗಳ ಗಣಿತ ಮತ್ತು ಪೈಥಾನ್ ಭಾಷೆಯನ್ನು ಕ್ರಮವಾಗಿ ಕಲಿಯಲೇಬೇಕು. ಅದು ಮೂರು ತಿಂಗಳ ಮಾತಲ್ಲ. ಇಷ್ಟು ಕಲಿತವನ ಬಳಿ ಇಂಜಿನಿಯರಿಗೆ ಇಲ್ಲದ ಒಂದು ಬಂಡವಾಳವಿರುತ್ತದೆ. ಬಟ್ಟೆಯಂಗಡಿಯ ಖರೀದಿ ದೀಪಾವಳಿಗೆ ಮುನ್ನ ಮೂರು ಪಟ್ಟು ಏರಿದರೆ ಯಂತ್ರವು ಅದನ್ನು ಸಂಶಯಾಸ್ಪದವೆಂದು ಗುರುತಿಸಬಹುದು. ಅಂಗಡಿಯವನ ಮಗನಿಗೆ ಅದು ಹಬ್ಬದ ದಾಸ್ತಾನೆಂದು ತಿಳಿದಿರುತ್ತದೆ. ಮಾರಿದವನು ಬಿಲ್ಲನ್ನು ತಡವಾಗಿ ನಮೂದಿಸಿದ್ದರಿಂದ ಜಿ.ಎಸ್.ಟಿ. ಲೆಕ್ಕ ತಾಳೆಯಾಗದಿರುವುದು ಬೇರೆ, ಸರಕೇ ಇಲ್ಲದೆ ಬಿಲ್ಲು ಬರೆದದ್ದು ಬೇರೆ. ಹಳೆಯ ಸಾಲದ ಕಡತಗಳಿಂದ ಕಲಿತ ಯಂತ್ರವು, ಹಿಂದೆ ಅನ್ಯಾಯವಾಗಿ ಸಾಲ ನಿರಾಕರಿಸಲ್ಪಟ್ಟವರಂಥವರಿಗೆ ಇಂದೂ ನಿರಾಕರಿಸುತ್ತದೆ. ಈ ದೋಷವನ್ನು ಹಿಡಿಯಲು ಕಡತ ಓದಬಲ್ಲವನೇ ಬೇಕು. ಆದ್ದರಿಂದ ಲೆಕ್ಕದ ವಿದ್ಯೆಯನ್ನು ಹಳೆಯ ಅಂಗಿಯಂತೆ ಕಳಚಿ ಎಸೆದು ಹೋಗುವ ತರುಣನು ತನ್ನ ಮೂಲಧನವನ್ನೇ ಎಸೆದು ಹೋಗುತ್ತಾನೆ.

ಹೇಗೆ ಹೋಗಬೇಕೆಂಬುದಕ್ಕಿಂತ ಯಾವ ಕೆಲಸಕ್ಕೆ ಹೋಗುತ್ತಾನೆಂಬುದು ಹೆಚ್ಚು ಗಂಭೀರವಾದ ಪ್ರಶ್ನೆ. ಅದನ್ನು ಕೇಳುವವರೇ ವಿರಳ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಮತ್ತು ಪ್ರತಿರೂಪಕ ವ್ಯವಹಾರಗಳನ್ನೂ ಹೆಸರಿಸುತ್ತದೆ. ಸುಳ್ಳು ದಸ್ತಾವೇಜು, ಸುಳ್ಳು ತೂಕ, ನಕಲಿ ಸರಕು. ಇನ್ನೊಬ್ಬರ ಮುಖವನ್ನೂ ಧ್ವನಿಯನ್ನೂ ಯಂತ್ರದಿಂದ ಸೃಷ್ಟಿಸಿ ವಂಚಿಸುವುದು ಪ್ರತಿರೂಪಕ ವ್ಯವಹಾರವಲ್ಲದೆ ಮತ್ತೇನು? ಚಾಟ್‌ಜಿಪಿಟಿ ಹೆಣೆದುಕೊಟ್ಟ, ಎಂದೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟ ವಕೀಲರಿಗೆ 2023ರಲ್ಲಿ ನ್ಯೂಯಾರ್ಕಿನಲ್ಲಿ 5,000 ಡಾಲರ್ ದಂಡ ಬಿದ್ದಿತು. ಆ ಯಂತ್ರದ ಒಳಗೆ ನಡೆಯುವುದೆಲ್ಲ ಸಂಭಾವ್ಯತೆಯ ಎಣಿಕೆ. ಹೊರಗೆ ಬರುವ ವಾಕ್ಯ ಮಾತ್ರ ಖಚಿತವಾದದ್ದು. ‘ಸ್ಯಾತ್’ ಎಂಬುದನ್ನು ಅಳಿಸಿಹಾಕಿದ ಮಾತು ಅದು. ಸ್ಯಾದ್ವಾದದಲ್ಲಿ ಬೆಳೆದ ಮನೆಯ ಮಕ್ಕಳಾದರೂ ಅಳಿಸಿದ್ದನ್ನು ಮತ್ತೆ ಸೇರಿಸಲು ಕಲಿಯಬೇಡವೇ?

ದ್ಯೂತವು ಸಪ್ತವ್ಯಸನಗಳಲ್ಲಿ ಒಂದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಸಂಸತ್ತು ಅಂಗೀಕರಿಸಿದ್ದು 2025ರಲ್ಲಿ. ಅಲ್ಲಿಯವರೆಗೆ ಆಟಗಾರನನ್ನು ಮರಳಿ ಮರಳಿ ಎಳೆಯುವ ಲೆಕ್ಕಾಚಾರವನ್ನು ಓದಿದವರೇ ಮಾಡಿಕೊಟ್ಟರು. ಮದ್ಯದಂಗಡಿಗೆ ಮಳಿಗೆಯನ್ನು ಬಾಡಿಗೆಗೆ ಕೊಡದ ಬಸದಿಯ ಟ್ರಸ್ಟು, ವಿದ್ಯಾರ್ಥಿಗೆ ಸಾಲ ಕೊಡುವಾಗ ‘ಈ ವಿದ್ಯೆಯನ್ನು ಎಲ್ಲಿ ಹೂಡುವೆ?’ ಎಂದು ಕೇಳದಿರುವುದು ಎಂಥ ವಿವೇಕ?

ಟ್ರಸ್ಟುಗಳು ಮಾಡಬೇಕಾದುದು ದೊಡ್ಡದೇನಲ್ಲ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಎಂಬ ಎರಡೇ ಕಲಮುಗಳಿರುವ ಕಡೆ ಸಂಖ್ಯಾಶಾಸ್ತ್ರದ ಉನ್ನತ ವ್ಯಾಸಂಗವನ್ನೂ ಸೇರಿಸಲಿ. ಮೂರು ತಿಂಗಳ ಪ್ರಮಾಣಪತ್ರಗಳಿಗೆ ಧರ್ಮಾದಾಯದ ಹಣ ಹೋಗುವುದನ್ನು ನಿಲ್ಲಿಸಲಿ. ವಿದ್ಯಾರ್ಥಿನಿಲಯದಲ್ಲಿ ಸಂಜೆ ಗಣಿತ ಹೇಳಿಕೊಡಲು ಒಬ್ಬ ಉಪಾಧ್ಯಾಯರನ್ನು ನೇಮಿಸಲಿ. ಪಂಚಕಲ್ಯಾಣದ ಪೆಂಡಾಲಿಗೆ ಹಣ ಹೊಂದಿಸಬಲ್ಲವರಿಗೆ ಈ ಸಂಬಳ ಭಾರವಾಗದು. ಮುಂದಿನ ವರ್ಷದ ಅರ್ಜಿಗಳು ಅಚ್ಚಿಗೆ ಹೋಗುವ ಮುನ್ನವೇ ಈ ತಿದ್ದುಪಡಿ ಆಗಬೇಕು.