ಬಾಗಿದ ರೆಕಾರ್ಡು ಕಲಿಸಿದ್ದು

ನಮ್ಮ ಮನೆಯಲ್ಲಿ ಅಜ್ಜ ಕೂಡಿಟ್ಟ 40 ಎಲ್‌ಪಿ ರೆಕಾರ್ಡುಗಳಿವೆ. ‘ಎಲ್ಲ ಹಾಡೂ ಮೊಬೈಲಿನಲ್ಲಿ ಸಿಗುವಾಗ ಇವೇಕೆ?’ ಎಂದು ಗೆಳೆಯರು ಕೇಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಕಳೆದ ಬೇಸಿಗೆಯಲ್ಲಿ ಅಜ್ಜನ ಮೆಚ್ಚಿನ ಕವ್ವಾಲಿ ರೆಕಾರ್ಡನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಮರೆತುಬಿಟ್ಟೆ, ಅದು ಬಾಗಿಹೋಯಿತು. ಎಷ್ಟು ಹುಡುಕಿದರೂ ಆ ಕವ್ವಾಲಿ ಮೊಬೈಲಿನಲ್ಲಿ ಸಿಗಲಿಲ್ಲ. ಅಜ್ಜ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಈಗ ರೆಕಾರ್ಡುಗಳನ್ನು ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿದ್ದೇನೆ. ಹಾಕುವ ಮುನ್ನ ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯುತ್ತೇನೆ. ಪ್ಲೇಯರನ್ನು ಫೋನೋ ಪ್ರಿಆಂಪ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದನ್ನೇ ಮುದ್ರಿಸಿಕೊಳ್ಳುತ್ತಿದ್ದೇನೆ. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಗೆ ಅವಸರವಿಲ್ಲ; 40 ನಿಮಿಷದ ರೆಕಾರ್ಡಿಗೆ 40 ನಿಮಿಷವೇ ಬೇಕು. ಅಷ್ಟು ಹೊತ್ತೂ ಅಜ್ಜ ಪಕ್ಕದಲ್ಲಿ ಕುಳಿತು, ಅದನ್ನು ಎಲ್ಲಿ, ಯಾವಾಗ ಕೊಂಡೆನೆಂದು ಹೇಳುತ್ತಾರೆ.

ಕಂಪ್ಯೂಟರಿನಲ್ಲಿ ಪ್ರತಿ ಇದೆಯೆಂದು ರೆಕಾರ್ಡನ್ನು ಗುಜರಿಗೆ ಹಾಕಬಾರದು. ರೆಕಾರ್ಡು ಇದೆಯೆಂದು ಪ್ರತಿ ಮಾಡುವುದನ್ನು ಮುಂದೂಡಲೂಬಾರದು. ನಿಮ್ಮ ಮನೆಯ ಅಟ್ಟದಲ್ಲಿ ಇಂಥವು ಇದ್ದರೆ ಈ ರಜೆಯಲ್ಲೇ ಕೆಳಗಿಳಿಸಿ. ಹಿರಿಯರನ್ನೂ ಜೊತೆಗೆ ಕೂರಿಸಿಕೊಳ್ಳಿ.

– ದ್ವಿತೀಯ ಪಿಯುಸಿ ವಿದ್ಯಾರ್ಥಿ